ಇಂಡಿಯ ಲಿಂಬೆ, ಮೆಕ್ಸಿಕೋದ ಹಂಚು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಅಮೆರಿಕಕ್ಕೆ ಓದಲು ಹೊರಡುವವರ ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಇದ್ದೇ ಇರುತ್ತವೆ. ಆ ದಾಸ್ತಾನು ಎಷ್ಟು ದಿನ ಬಂದೀತು? ತೀರಿದ ಮೇಲೆ ಊರಿನ ಬಾಯಿಗೆ ಒಗ್ಗುವುದೇನು ಎಂದು ಹುಡುಕಹೊರಟವರಲ್ಲಿ ಬಹಳ ಮಂದಿ ಕೊನೆಗೆ ಹೋಗಿ ನಿಲ್ಲುವುದು ಮೆಕ್ಸಿಕನ್ ಊಟದ ಅಂಗಡಿಯ ಮುಂದೆ. ಇದರಲ್ಲಿ ಭೂಗೋಳದ ಪಾಲೂ ಇದೆ. ನಮ್ಮ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಸೇರುವ ಟೆಕ್ಸಾಸ್, ಅರಿಝೋನಾ, ಕ್ಯಾಲಿಫೋರ್ನಿಯಾಗಳು ಒಂದು ಕಾಲಕ್ಕೆ ಮೆಕ್ಸಿಕೋದ ನೆಲ. ಯುದ್ಧ ಮತ್ತು 1848ರ ಒಪ್ಪಂದದಿಂದ ಗಡಿ ಸರಿಯಿತೇ ಹೊರತು ಅಡುಗೆ ಸರಿಯಲಿಲ್ಲ. ಆದರೆ ಅಂಗಡಿ ಹತ್ತಿರವಿದೆ ಎಂದಮಾತ್ರಕ್ಕೆ ಊಟ ಹತ್ತಿರದ್ದು ಅನ್ನಿಸಬೇಕಿಲ್ಲ. ಯಾಕೆ ಹಾಗನ್ನಿಸುತ್ತದೆ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ‘ಅವರದೂ ನಮ್ಮ ಹಾಂಗ ಖಾರ.’ ಈ ಉತ್ತರ ಸುಳ್ಳಲ್ಲ, ಆದರೆ ಸೋಮಾರಿ ಉತ್ತರ. ಖಾರವೇ ಕಾರಣವಾಗಿದ್ದರೆ ಥಾಯ್ಲೆಂಡಿನ ಊಟ, ಚೀನಾದ ಸಿಚುವಾನ್ ಪ್ರಾಂತ್ಯದ ಊಟ, ಕೊರಿಯಾದ ಊಟ ಇವೆಲ್ಲವೂ ಅಷ್ಟೇ ಆಪ್ತವಾಗಬೇಕಿತ್ತು. ಆಗುವುದಿಲ್ಲ. ಮೆಕ್ಸಿಕೋದ ಊಟ ವಿಜಯಪುರದವರಿಗೆ ಹಿಡಿಸುವುದು ನಾಲಗೆಗೆ ತಾಗುವ ಖಾರದಿಂದಲ್ಲ, ಊಟ ಕಟ್ಟಿರುವ ರೀತಿಯಿಂದ. ಮಳೆ ಕಡಿಮೆಯಿರುವ ನೆಲದ ಒರಟು ಧಾನ್ಯ, ಅದರ ಕೈರೊಟ್ಟಿ, ಆ ರೊಟ್ಟಿಯ ಸುತ್ತ ಸೇರುವ ಕಾಳು, ಸೊಪ್ಪು, ಹಿಂಡಿ, ಹುಳಿ ಇಷ್ಟೇ ಆ ಕಟ್ಟಡ. ಈ ಹೋಲಿಕೆಯನ್ನು ಗಂಭೀರವಾಗಿ ತೆಗೆದುಕೊಂಡರೆ ‘ಅವರೂ ನಮ್ಮಂಥವರೇ’ ಎಂಬ ಸಮಾಧಾನಕ್ಕಿಂತ ಕಿರಿಕಿರಿಯ ಒಂದು ಪ್ರಶ್ನೆ ಎದುರಾಗುತ್ತದೆ. ಅವರು ತಮ್ಮ ರೊಟ್ಟಿಯನ್ನು ಮಹಾನಗರದ ದಿನನಿತ್ಯದ ಊಟವಾಗಿ ಉಳಿಸಿಕೊಂಡರು. ನಾವು ನಮ್ಮದನ್ನು ಯಾಕೆ ಉಳಿಸಿಕೊಳ್ಳಲಿಲ್ಲ?

ಮೊದಲು ಸಾಮಗ್ರಿಯ ಲೆಕ್ಕ ನೋಡೋಣ. ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಮೆಣಸಿನಕಾಯಿಯನ್ನು ಕಂಡವರಲ್ಲ. ಟೊಮೆಟೊ, ಆಲೂಗಡ್ಡೆ, ಶೇಂಗಾ, ಗೋವಿನಜೋಳ, ಪೇರಲ, ಪಪ್ಪಾಯಿ ಯಾವುದೂ ಆಗ ಈ ನೆಲದಲ್ಲಿರಲಿಲ್ಲ. ಕಲ್ಯಾಣದ ದಾಸೋಹದಲ್ಲಿ ಖಾರವೆಂದರೆ ಕರಿಮೆಣಸು, ಶುಂಠಿ, ಸಾಸಿವೆಗಳದ್ದು. ಮೆಕ್ಸಿಕೋದಲ್ಲಿ ಸಾವಿರಾರು ವರ್ಷ ಹಿಂದೆಯೇ ಬೇಸಾಯಕ್ಕೆ ಒಳಗಾದ ಮೆಣಸಿನಕಾಯಿ ಗಿಡ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ವಿಜಯಪುರದ ಮಟ್ಟಿಗೆ ಇಲ್ಲಿ ಗಮನಿಸಬೇಕಾದ್ದೊಂದಿದೆ. ಪೋರ್ಚುಗೀಸರ ದಳಪತಿ ಅಲ್ಬುಕರ್ಕ್ 1510ರಲ್ಲಿ ಗೋವೆಯನ್ನು ಕಿತ್ತುಕೊಂಡದ್ದು ಆದಿಲ್‌ಶಾಹಿಗಳಿಂದಲೇ. ಕೈತಪ್ಪಿದ ಬಂದರಿಗೂ ರಾಜಧಾನಿಗೂ ನಡುವಿನ ವ್ಯಾಪಾರ ನಿಲ್ಲಲಿಲ್ಲ. ಹೊಸ ಜಗತ್ತಿನ ಗಿಡಗಳು ಘಟ್ಟ ಹತ್ತಿ ಒಳನಾಡಿಗೆ ಬಂದ ದಾರಿಗಳಲ್ಲಿ ಇದೂ ಒಂದೆಂದು ತಿಳಿಯಲು ಒಳ್ಳೆಯ ಆಧಾರವಿದೆ. ಅಕ್ಬರನ ರಾಯಭಾರಿ ಅಸದ್ ಬೇಗ್ 1604ರ ಸುಮಾರಿಗೆ ವಿಜಯಪುರಕ್ಕೆ ಬಂದಾಗ ಇಲ್ಲಿ ತಂಬಾಕನ್ನು ಮೊದಲ ಬಾರಿ ಕಂಡು, ಬಾದಶಹನಿಗೆಂದು ಕೊಂಡೊಯ್ದು, ಆ ಸಂಗತಿಯನ್ನು ಬರೆದಿಟ್ಟಿದ್ದಾನೆ. ಅಮೆರಿಕ ಖಂಡದ ಒಂದು ಗಿಡ ಮೊಘಲರ ಆಸ್ಥಾನ ತಲುಪಿದ್ದು ಇಬ್ರಾಹಿಂ ಆದಿಲ್‌ಶಾಹನ ಊರಿನಿಂದ! ಇದಕ್ಕಿಂತ ಸೋಜಿಗದ್ದು ಉಪವಾಸದ ತಾಟು. ಏಕಾದಶಿಗೆ, ಶಿವರಾತ್ರಿಗೆ ಧಾನ್ಯ ಮುಟ್ಟದವರು ತಿನ್ನುವ ರಾಜಗಿರಿ ಉಂಡಿಯ ಕಾಳು ಮೆಕ್ಸಿಕೋ ಮೂಲದ್ದು. ಅಲ್ಲಿಯ ಅಜ್ಟೆಕ್ ಜನ ಅದೇ ಕಾಳಿನ ಹಿಟ್ಟಿನಿಂದ ದೇವರ ಮೂರ್ತಿ ಮಾಡಿ ಪೂಜಿಸಿ ಪ್ರಸಾದವಾಗಿ ಹಂಚಿಕೊಳ್ಳುತ್ತಿದ್ದರು. ಸ್ಪೇನಿನ ಪಾದ್ರಿಗಳಿಗೆ ಅದನ್ನು ಸಹಿಸಲಾಗಲಿಲ್ಲ. ಇಂದು ಮೆಕ್ಸಿಕೋದ ಬೀದಿಗಳಲ್ಲಿ ಹುರಿದು ಅರಳಿಸಿದ ಅದೇ ಕಾಳನ್ನು ಪಾಕದಲ್ಲಿ ಕಟ್ಟಿ ‘ಅಲೆಗ್ರಿಯಾ’ ಎಂದು ಮಾರುತ್ತಾರೆ. ನೋಡಿದ ನಮ್ಮವರು ರಾಜಗಿರಿ ಚಿಕ್ಕಿ ಎಂದೇ ಗುರುತಿಸುತ್ತಾರೆ, ಗುರುತಿಸಿದ್ದರಲ್ಲಿ ತಪ್ಪೂ ಇಲ್ಲ.

ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದ್ದಾಗಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ ಇಂಡಿ ತಾಲ್ಲೂಕಿನಲ್ಲೇ ಇದೆ. ರಾಜ್ಯದ ಲಿಂಬೆಯಲ್ಲಿ ದೊಡ್ಡ ಪಾಲು ಬೆಳೆಯುವುದು ವಿಜಯಪುರ ಜಿಲ್ಲೆಯಲ್ಲಿ. ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರುವುದು ಇಂಡಿಯಲ್ಲಿ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ತೆಳುಸಿಪ್ಪೆಯ, ಸಣ್ಣ ಗಾತ್ರದ, ರಸ ತುಂಬಿದ ಈ ಕಾಗ್ಜಿ ಲಿಂಬೆಯ ಜಾತಿಯನ್ನು ಜಗತ್ತಿನ ಹಣ್ಣಿನ ಶಾಸ್ತ್ರದ ಪುಸ್ತಕಗಳು ಕರೆಯುವುದು ‘ಮೆಕ್ಸಿಕನ್ ಲೈಮ್’ ಎಂದು. ಹುಟ್ಟಿದ್ದು ಏಷ್ಯಾದಲ್ಲಿ, ಅರಬ್ಬರ ಕೈಯಿಂದ ಮೆಡಿಟರೇನಿಯನ್ನಿಗೆ, ಅಲ್ಲಿಂದ ಸ್ಪೇನಿನವರ ಹಡಗಿನಲ್ಲಿ ಮೆಕ್ಸಿಕೋಗೆ ಹೋಗಿ ಕೊಲಿಮಾ, ಮಿಚೊಅಕಾನ್ ಪ್ರಾಂತ್ಯಗಳಲ್ಲಿ ನೆಲೆನಿಂತಿತು. ಇವತ್ತು ಲಿಂಬೆ ಹಿಂಡದೆ ಅಲ್ಲಿಯ ಊಟವಿಲ್ಲ: ಸಾರಿಗೆ, ಟಾಕೋಗೆ, ಹೆಚ್ಚಿದ ಮಾವಿಗೆ, ಹುರಿದ ಶೇಂಗಾಕ್ಕೆ, ಕೊನೆಗೆ ಬಿಯರಿಗೂ. ಇಂಡಿಯ ಬೆಳೆಗಾರನಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿಕೊಳ್ಳುವ ಚಿಂತೆ, ಆವಕ ಹೆಚ್ಚಿದಾಗ ದರ ಬೀಳುವ ಚಿಂತೆ. ಮಿಚೊಅಕಾನಿನ ಬೆಳೆಗಾರನ ಚಿಂತೆಗಳಲ್ಲಿ ಪ್ರತಿ ಕಿಲೋಗೂ ವಸೂಲಿ ಕೇಳುವ ಬಂದೂಕುಧಾರಿ ತಂಡಗಳೂ ಸೇರಿವೆ. ಆ ವಸೂಲಿಯ ವಿರುದ್ಧ 2013ರಲ್ಲಿ ಊರವರನ್ನು ಕಟ್ಟಿ ಎದ್ದುನಿಂತ ಲಿಂಬೆ ಬೆಳೆಗಾರ ಇಪೊಲಿತೊ ಮೋರಾ 2023ರ ಜೂನಿನಲ್ಲಿ ಕೊಲೆಯಾದರು. ಟಾಕೋದ ಮಗ್ಗುಲಲ್ಲಿ ಇಟ್ಟುಕೊಡುವ ಲಿಂಬೆಹೋಳಿನ ಹಿಂದೆ ಇಂಥದ್ದೊಂದು ಕಥೆಯಿದೆ ಎಂಬುದು ಅದನ್ನು ಹಿಂಡುವ ವಿದ್ಯಾರ್ಥಿಗೆ ತಿಳಿದಿರುವುದು ಒಳ್ಳೆಯದು. ಅಡುಗೆಯನ್ನು ಬರೀ ರುಚಿಯಾಗಿ ನೋಡುವವರಿಗೆ ಅರ್ಧ ದೇಶವಷ್ಟೇ ಕಾಣುತ್ತದೆ.

ಇಷ್ಟಾದರೂ ಗಿಡಗಳ ಪ್ರಯಾಣದಿಂದ ನಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಟೊಮೆಟೊ ಇಟಲಿಗೂ ಹೋಯಿತು, ಮೆಣಸಿನಕಾಯಿ ಹಂಗೇರಿಗೂ ಹೋಯಿತು. ಹಾಗೆಂದು ಸಿಂದಗಿಯವರಿಗೆ ಹಂಗೇರಿಯ ಊಟ ತಮ್ಮದೆನ್ನಿಸುವುದಿಲ್ಲ. 1962ರಿಂದ 1968ರವರೆಗೆ ದೆಹಲಿಯಲ್ಲಿ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಒಕ್ತಾವಿಯೊ ಪಾಸ್ ಭಾರತದ ಬಗ್ಗೆ ಬರೆದ ಪುಸ್ತಕದಲ್ಲಿ ಎರಡು ದೇಶಗಳ ಅಡುಗೆಯನ್ನು ಹೋಲಿಸುವಾಗ ತಮ್ಮ ನಾಡಿನ ‘ಮೊಲೆ’ ಎಂಬ ಮಸಾಲೆ ಗೊಜ್ಜನ್ನೂ ನಮ್ಮ ಕರಿಯನ್ನೂ ಎದುರುಬದುರು ಇಟ್ಟರು. ಅದು ಆಸ್ಥಾನದ, ಹಬ್ಬದ ಅಡುಗೆಯ ಹೋಲಿಕೆ. ದಿನನಿತ್ಯದ ಊಟದ ಹೋಲಿಕೆ ಬೇಕಿದ್ದರೆ ಒಲೆಯ ಮೇಲಿನ ಹಂಚನ್ನು ನೋಡಬೇಕು. ಜೋಳಕ್ಕೂ ಗೋವಿನಜೋಳಕ್ಕೂ ಒಂದೇ ಕೊರತೆ: ಗೋಧಿಯಲ್ಲಿರುವ ಜಿಗುಟು ಎರಡರಲ್ಲೂ ಇಲ್ಲ. ಲಟ್ಟಣಿಗೆಯಲ್ಲಿ ಎಳೆದರೆ ಹಿಟ್ಟು ಹರಿಯುತ್ತದೆ, ಅಂಚು ಸೀಳುತ್ತದೆ. ವಿಜಯಪುರದ ಹೆಣ್ಣುಮಕ್ಕಳು ಕಂಡುಕೊಂಡ ಉಪಾಯ ಕುದಿಯುವ ನೀರು. ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಅರೆಬೆಂದು ಅಂಟು ಬರುತ್ತದೆ. ಆಮೇಲೆ ನಾದಿ, ಅಂಗೈಯಲ್ಲಿ ಬಡಿದು, ಹಂಚಿಗೆ ಹಾಕಿ, ಮೇಲೆ ಒದ್ದೆಬಟ್ಟೆಯಿಂದ ನೀರು ಸವರುವುದು. ಮೆಕ್ಸಿಕೋದವರದು ಬೇರೆ ಉಪಾಯ. ಗೋವಿನಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲ ನೆನೆಯಬಿಟ್ಟು, ಸಿಪ್ಪೆ ತೊಳೆದು, ಹಸಿಯಾಗಿಯೇ ಕಲ್ಲಿನ ಮೇಲೆ ಅರೆದು ಮುದ್ದೆ ಮಾಡುತ್ತಾರೆ. ಆ ಮುದ್ದೆಯನ್ನು ಅಂಗೈಗಳ ನಡುವೆ ತಟ್ಟಿ ‘ಕೊಮಾಲ್’ ಎಂಬ ಮಣ್ಣಿನ ಹಂಚಿನ ಮೇಲೆ ಸುಟ್ಟರೆ ತೊರ್ತಿಯಾ. ಕೊಮಾಲಿಗೂ ನಮ್ಮ ಹಳೆಯ ಮಣ್ಣಿನ ಹಂಚಿಗೂ ವ್ಯತ್ಯಾಸ ಹೇಳಲು ಕುಂಬಾರರೇ ಬೇಕು. ಎರಡು ಕಡೆಯೂ ರೊಟ್ಟಿ ಬರೀ ತಿನಿಸಲ್ಲ, ಚಮಚವೂ ಹೌದು. ಪಲ್ಯೆಯನ್ನು ಹಿಡಿಯುವುದು, ಗೊಜ್ಜನ್ನು ಒರೆಸುವುದು ಅದರಿಂದಲೇ. ಊಟದಲ್ಲಿ ಉಳಿದೆಲ್ಲವೂ ರೊಟ್ಟಿಗಾಗಿ ಇರುತ್ತವೆ. ಅನ್ನದ ನಾಡಿನಿಂದ ಹೋದವರಿಗೆ ಈ ವ್ಯವಸ್ಥೆ ಥಟ್ಟನೆ ಹೊಳೆಯುವುದಿಲ್ಲ, ಜೋಳದ ನಾಡಿನವರಿಗೆ ಹೇಳಿಕೊಡಬೇಕಾಗುವುದಿಲ್ಲ.

ಸುಣ್ಣದ ವಿಷಯವನ್ನು ಇಲ್ಲಿಗೇ ಬಿಡುವಂತಿಲ್ಲ, ಯಾಕೆಂದರೆ ಹೋಲಿಕೆಯ ಒಳಗಿರುವ ದೊಡ್ಡ ವ್ಯತ್ಯಾಸ ಅದರಲ್ಲಿದೆ. ಗೋವಿನಜೋಳದಲ್ಲಿ ನಯಾಸಿನ್ ಎಂಬ ಜೀವಸತ್ವವಿದೆ, ಆದರೆ ದೇಹಕ್ಕೆ ದಕ್ಕದಂತೆ ಬಂಧಿಯಾಗಿದೆ. ಸುಣ್ಣದಲ್ಲಿ ಕುದಿಸಿದಾಗ ಅದು ಬಿಡುಗಡೆಯಾಗುತ್ತದೆ, ಜತೆಗೆ ಕ್ಯಾಲ್ಸಿಯಮ್ಮೂ ಸೇರುತ್ತದೆ. ಧಾನ್ಯವನ್ನು ಮಾತ್ರ ಒಯ್ದು ಈ ವಿದ್ಯೆಯನ್ನು ಬಿಟ್ಟುಹೋದ ಯುರೋಪಿನಲ್ಲಿ ಗೋವಿನಜೋಳ ತಿಂದ ಬಡವರಿಗೆ ಚರ್ಮ ಸುಲಿದು, ಬುದ್ಧಿಭ್ರಮಣೆಯಾಗುವ ಪೆಲಾಗ್ರಾ ರೋಗ ಬಂತು. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಅದನ್ನು 1735ರಲ್ಲಿಯೇ ಗುರುತಿಸಿದ್ದ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ಜನ ಅದರಿಂದ ಸಾಯುತ್ತಿದ್ದರು. ಮೆಕ್ಸಿಕೋದಲ್ಲಿ ಮಾತ್ರ ಆ ಕಾಟ ಇರಲಿಲ್ಲವೆನ್ನುವಷ್ಟು ಕಡಿಮೆ. ನಮ್ಮ ಜೋಳದ ಕಥೆ ಅಷ್ಟು ಸುಖದ್ದಲ್ಲ. ಹೈದರಾಬಾದಿನ ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ದಖನ್ನಿನ ಜೋಳ ತಿನ್ನುವ ಬಡವರಲ್ಲೂ ಪೆಲಾಗ್ರಾ ಇರುವುದನ್ನು ಎತ್ತಿ ತೋರಿಸಿ, ಜೋಳದಲ್ಲಿ ಅತಿಯಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅದಕ್ಕೆ ಕಾರಣವಿರಬಹುದೆಂದು ವಾದಿಸಿತು. ಆ ವಾದದ ಮೇಲೆ ಮುಂದೆ ಬಹಳ ಚರ್ಚೆಯಾಯಿತು. ಆದರೆ ರೋಗ ಇದ್ದುದು ನಿಜ. ರೊಟ್ಟಿಯ ಜತೆ ಬೇಳೆ, ಸೊಪ್ಪು, ಮಜ್ಜಿಗೆಗೆ ಗತಿಯಿಲ್ಲದವರನ್ನೇ ಅದು ಹಿಡಿಯುತ್ತಿದ್ದುದೂ ನಿಜ. ಧಾನ್ಯದ ಕೊರತೆಯನ್ನು ಮೆಕ್ಸಿಕೋ ಹಿಟ್ಟಿನೊಳಗೇ ತುಂಬಿಕೊಂಡಿತು, ನಾವು ತಾಟಿನಲ್ಲಿ ತುಂಬಿಕೊಂಡೆವು. ತಾಟು ಬರಿದಾದ ವರ್ಷ ನಮ್ಮ ಬಡವನಿಗೆ ಎರಡು ಪೆಟ್ಟು.

ತಾಟನ್ನು ತುಂಬುವ ಕ್ರಮದಲ್ಲಿ ಎರಡೂ ನಾಡು ಮತ್ತೆ ಹತ್ತಿರ ಬರುತ್ತವೆ. ಅಲ್ಲಿ ಗೋವಿನಜೋಳದ ಜತೆ ಅದೇ ಹೊಲದಲ್ಲಿ ಬೀನ್ಸ್ ಮತ್ತು ಕುಂಬಳ, ಇಲ್ಲಿ ಸಜ್ಜೆಯ ಜತೆ ತೊಗರಿ, ಜೋಳದ ಜತೆ ಕುಸುಬೆಯ ಅಕ್ಕಡಿ ಸಾಲು. ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಕಾಳಿನಲ್ಲಿದೆ. ಹೊಲದಲ್ಲಿ ತಾನೇ ಹುಟ್ಟುವ ಸೊಪ್ಪನ್ನು ಆಯ್ದು ತಿನ್ನುವ ರೂಢಿ ಎರಡು ಕಡೆಯೂ ಇದೆ. ನಮ್ಮಲ್ಲಿ ಹಕ್ಕರಕಿಯನ್ನು ಹಸಿಯಾಗಿಯೇ ರೊಟ್ಟಿಯ ಜತೆ ಕಡಿಯುತ್ತಾರೆ. ಬದುವಿನ ಪಾಪಸುಕಳ್ಳಿ ನಮಗೆ ಬೇಲಿ, ಅವರಿಗೆ ಅದರ ಎಲೆಯಂಥ ಕಾಂಡವೇ ಪಲ್ಯೆ. ವೆರಾಕ್ರೂಸ್ ಕಡೆಯ ‘ಸಾಲ್ಸಾ ಮಾಚಾ’ ಎಂದರೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶೇಂಗಾಗಳನ್ನು ಎಣ್ಣೆಯಲ್ಲಿ ಹುರಿದು ಅರೆದದ್ದು. ಶೇಂಗಾ ಹಿಂಡಿಗೆ ಎಣ್ಣೆ ಕಲಸಿ ಉಣ್ಣುವವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಸುಗ್ಗಿಗೆ ಮುಂಚೆ ಹೊಲದಲ್ಲಿ ಬೆಂಕಿ ಹಾಕಿ ಎಳೆಯ ತೆನೆ ಸುಟ್ಟು ತಿಕ್ಕಿ ತಿನ್ನುವ ಸೀತನಿ ನಮ್ಮದು, ಎಳೆ ತೆನೆಗೆ ಲಿಂಬೆ ಖಾರ ಸವರಿ ಬೀದಿಯಲ್ಲಿ ಮಾರುವ ‘ಎಲೋತೆ’ ಅವರದು. ದಿನಚರಿಯ ಸಾಮ್ಯ ಇನ್ನೂ ಬೆರಗಿನದು. ಮೆಕ್ಸಿಕೋದಲ್ಲಿ ದೊಡ್ಡ ಊಟ ನಡುಮಧ್ಯಾಹ್ನ ಕಳೆದ ಮೇಲೆ. ಅದನ್ನು ಹಾಕುವುದು ‘ಫೋಂದಾ’ ಎಂಬ ಸಣ್ಣ ಮನೆಹೋಟೆಲು. ಆರಿಸಿಕೊಳ್ಳಲು ಹೆಚ್ಚೇನಿಲ್ಲ, ಆ ದಿನ ಮಾಡಿದ್ದೇ ಊಟ, ರೊಟ್ಟಿ ಬರುತ್ತಲೇ ಇರುತ್ತದೆ, ನಡೆಸುವವಳು ಹೆಚ್ಚಾಗಿ ಒಬ್ಬ ಹೆಂಗಸು. ವಿಜಯಪುರದ ಬಸ್‌ನಿಲ್ದಾಣದ ಸುತ್ತಲಿನ ಲಿಂಗಾಯತ ಖಾನಾವಳಿಯನ್ನು ಬಲ್ಲವರಿಗೆ ಅಲ್ಲಿ ಕೂತುಕೊಳ್ಳುವ ಜಾಗ ಮಾತ್ರ ಹೊಸದು. ಪಕ್ಕದ ಮೇಜಿನಲ್ಲಿ ಉಣ್ಣುತ್ತಿರುವ ಅಪರಿಚಿತರಿಗೂ ‘ಚೆನ್ನಾಗಿ ಉಣ್ಣಿ’ ಎಂದು ಹೇಳಿಯೇ ಎದ್ದುಹೋಗುವುದು ಮೆಕ್ಸಿಕೋದ ಮರ್ಯಾದೆ. ವಾರಕ್ಕೊಮ್ಮೆ ಬೀದಿಗೆ ಬರುವ ಸಂತೆಯೂ ಉಂಟು, ಸ್ಪೇನಿನವರಿಗಿಂತ ಹಳೆಯದು.

ಇಲ್ಲಿ ಓದುಗರು ಎತ್ತುವ ಮೊದಲ ತಕರಾರು ನ್ಯಾಯವಾದದ್ದೇ. ಅಮೆರಿಕದಲ್ಲಿ ಓದುವ ನಮ್ಮ ಹುಡುಗರು ತಿನ್ನುವುದು ಮೆಕ್ಸಿಕೋದ ಊಟವೇ ಅಲ್ಲ, ಅಮೆರಿಕದವರು ತಮ್ಮ ಬಾಯಿಗೆ ತಿದ್ದಿಕೊಂಡದ್ದು ಎಂಬ ಮಾತು. ಹೌದು. ಹಳದಿ ಚೀಸ್ ಸುರಿದ, ಜೀರಿಗೆ ಘಮಘಮಿಸುವ, ಮೈದಾ ರೊಟ್ಟಿಯಲ್ಲಿ ಸುತ್ತಿದ ಊಟ ಟೆಕ್ಸಾಸಿನದ್ದು. ಬೆಂಗಳೂರಿನ ಮಾಲ್‌ಗೆ 2010ರಲ್ಲಿ ಬಂದ ಟಾಕೋ ಬೆಲ್ ಕೂಡ ಕ್ಯಾಲಿಫೋರ್ನಿಯಾದ ಕಂಪನಿ. ನಿಜ ಹೇಳಬೇಕೆಂದರೆ ಈ ರೂಪಾಂತರ ನಮ್ಮವರಿಗೆ ಇಷ್ಟವಾಗುವುದು ಜೀರಿಗೆಯಿಂದ, ಗೋಧಿರೊಟ್ಟಿಯಿಂದ. ಅದು ಚಪಾತಿಯ ನೆಂಟಸ್ತಿಕೆ. ಜೋಳದ ರೊಟ್ಟಿಯ ನೆಂಟಸ್ತಿಕೆ ಬೇಕಿದ್ದವರು ಆ ದೊಡ್ಡ ಅಂಗಡಿಗಳನ್ನು ದಾಟಿ, ವಲಸೆ ಕಾರ್ಮಿಕರು ಉಣ್ಣುವ, ಹಸಿ ಹಿಟ್ಟಿನ ಸಣ್ಣ ರೊಟ್ಟಿ ಸುಡುವ ಅಂಗಡಿಗೆ ಹೋಗಬೇಕು. ಎರಡನೆಯ ತಕರಾರು ಮಾಂಸದ್ದು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಮಾಂಸ ಮುಟ್ಟದ ಮನೆಗಳು ಬಹಳ. ಆ ಮನೆಯ ಮಕ್ಕಳಿಗೆ ಹಂದಿಮಾಂಸ, ದನದ ಮಾಂಸಗಳ ಟಾಕೋ ಎಲ್ಲಿಯ ಆಪ್ತತೆ? ಬೀನ್ಸಿನ ಪಲ್ಯೆಯಲ್ಲೂ ಹಂದಿಯ ಕೊಬ್ಬು ಇರುತ್ತದೆ, ಅನ್ನ ಬೇಯುವುದು ಕೋಳಿಯ ಸಾರಿನಲ್ಲಿ. ಕೇಳದೆ ತಿಂದರೆ ಮೋಸಹೋಗುವುದು ಖಂಡಿತ. ಆದರೆ ಹಂದಿ, ದನ, ಕೋಳಿ ಮೂರನ್ನೂ ಮೆಕ್ಸಿಕೋಗೆ ತಂದವರು ಸ್ಪೇನಿನವರು. ಅದಕ್ಕೆ ಮುಂಚಿನ ಹಳ್ಳಿಯ ಊಟದಲ್ಲಿ ಬೇಟೆ, ಮೀನು, ಟರ್ಕಿ ಕೋಳಿ ಇದ್ದವು, ಆದರೆ ಹೊಟ್ಟೆ ತುಂಬಿಸುತ್ತಿದ್ದುದು ರೊಟ್ಟಿ, ಕಾಳು, ಮೆಣಸಿನಕಾಯಿ, ಸೊಪ್ಪು. ಇಂದಿಗೂ ಬಡವರ ಮನೆಯಲ್ಲಿ ಅದೇ. ಮಾಂಸ ಆ ಕಟ್ಟಡದ ಮೇಲಂತಸ್ತು. ಅದನ್ನು ಬೇಡವೆನ್ನುವವರಿಗೂ ಕೆಳಗೆ ಇರಲು ಜಾಗವಿದೆ, ಕೇಳಿ ಉಣ್ಣುವ ಎಚ್ಚರ ಇರಬೇಕು ಅಷ್ಟೇ.

ಮೂರನೆಯ ತಕರಾರು ಹೆಚ್ಚು ಗಟ್ಟಿ. ಒಣನೆಲದ ಬಡವರೆಲ್ಲ ಎಲ್ಲೆಲ್ಲೂ ಹೀಗೇ ಉಣ್ಣುತ್ತಾರೆ, ರಾಜಸ್ಥಾನದ ಸಜ್ಜೆರೊಟ್ಟಿ, ಇಥಿಯೋಪಿಯಾದ ಇಂಜೆರಾ ಇಲ್ಲವೇ, ಇದರಲ್ಲಿ ಮೆಕ್ಸಿಕೋದ ವಿಶೇಷವೇನು ಎಂಬುದು. ಒಪ್ಪಬೇಕಾದ ಮಾತು, ಒಂದು ಹಂತದವರೆಗೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಎರೆಭೂಮಿಯಲ್ಲಿ ಭತ್ತ ನೆಚ್ಚಿಕೊಳ್ಳಲಾಗದವರು ಜೋಳದ ರೊಟ್ಟಿಗೆ ಬಂದದ್ದು ಅನಿವಾರ್ಯ. ಡೋಣಿ ನದಿಯ ಬಯಲಿನಲ್ಲಿ ಹಿಂಗಾರಿಗೆ ಬಿತ್ತಿ, ನೆಲದೊಳಗಿನ ಹಸಿಯಲ್ಲೇ ಬೆಳೆದ ಬಿಳಿಜೋಳ ಓಣಿ ಓಣಿಗೆ ರಾಶಿಯಾಗುತ್ತಿತ್ತು ಎಂದು ಊರಿನ ಗಾದೆಯೇ ಹೇಳುತ್ತದೆ. ಆದರೆ ಅನಿವಾರ್ಯತೆಯೇ ಎಲ್ಲವನ್ನೂ ವಿವರಿಸುವುದಾದರೆ ಮುಂದಿನ ಸಂಗತಿ ವಿಚಿತ್ರವಾಗಿ ಕಾಣಬೇಕು. ಮೆಕ್ಸಿಕೋದಲ್ಲೂ ಜೋಳ ಬೆಳೆಯುತ್ತಾರೆ, ತಮೌಲಿಪಾಸ್ ಪ್ರಾಂತ್ಯದಲ್ಲಿ ಹೊಲಹೊಲವೇ ಜೋಳ. ಬಹುತೇಕ ಎಲ್ಲವೂ ದನ ಕೋಳಿಗಳ ಮೇವಿಗೆ. ಕರ್ನಾಟಕದಲ್ಲೂ ಗೋವಿನಜೋಳ ಬೆಳೆಯುತ್ತೇವೆ. ಅದರ ಬಹುಪಾಲು ಕೋಳಿಫಾರಂಗೆ, ಪಿಷ್ಟದ ಕಾರ್ಖಾನೆಗೆ, ಈಚೆಗೆ ಎಥೆನಾಲಿಗೆ. ಅವರ ರೊಟ್ಟಿಯ ಧಾನ್ಯ ನಮಗೆ ಮೇವು, ನಮ್ಮ ರೊಟ್ಟಿಯ ಧಾನ್ಯ ಅವರಿಗೆ ಮೇವು. ಕ್ಯಾನ್ಸಸ್ ಬಿಟ್ಟರೆ ಅಮೆರಿಕದಲ್ಲಿ ಅತಿಹೆಚ್ಚು ಜೋಳ ಬೆಳೆಯುವ ರಾಜ್ಯ ಟೆಕ್ಸಾಸ್. ಅಲ್ಲಿ ಓದುವ ಸಿಂದಗಿಯ ವಿದ್ಯಾರ್ಥಿ ಜೋಳದ ಹೊಲಗಳ ನಡುವೆ ಕಾರು ಓಡಿಸಿಕೊಂಡು ಹೋಗಿ, ಭಾರತೀಯ ಅಂಗಡಿಯಿಂದ ಜೋಳದ ಹಿಟ್ಟಿನ ಪೊಟ್ಟಣ ಕೊಂಡುತರುತ್ತಾನೆ. ನೆಲ ಎರಡೂ ಧಾನ್ಯವನ್ನು ಬೆಳೆಯುತ್ತದೆ. ಯಾವುದು ಮನುಷ್ಯನ ಅನ್ನ, ಯಾವುದು ಪಶುವಿನ ಮೇವು ಎಂದು ನಿರ್ಧರಿಸುವುದು ಜನ ಕಟ್ಟಿಕೊಂಡ ವ್ಯವಸ್ಥೆ. ಆದ್ದರಿಂದಲೇ ಆ ವ್ಯವಸ್ಥೆಯನ್ನು ನೋಡಬೇಕು.

ಮೆಕ್ಸಿಕೋ ಮಾಡಿದ್ದೇನು? ಕಲ್ಲಿನ ಮುಂದೆ ಮೊಣಕಾಲೂರಿ ದಿನಕ್ಕೆ ಐದಾರು ಗಂಟೆ ಅರೆಯುವುದು ಅಲ್ಲಿಯ ಹೆಂಗಸರ ಪಾಡಾಗಿತ್ತು. ಹಸಿ ಹಿಟ್ಟು ಮರುದಿನಕ್ಕೆ ಹುಳಿಯುವುದರಿಂದ ಒಂದು ದಿನವೂ ತಪ್ಪಿಸುವಂತಿಲ್ಲ. 1920ರ ದಶಕದಲ್ಲಿ ಟೆಪೊಸ್‌ಟ್ಲಾನ್ ಎಂಬ ಹಳ್ಳಿಗೆ ಅರೆಯುವ ಗಿರಣಿ ಬಂದಾಗ ಗಂಡಸರು ವಿರೋಧಿಸಿದರು: ರುಚಿ ಕೆಡುತ್ತದೆ, ಹೆಂಗಸರು ಸೋಮಾರಿಗಳಾಗುತ್ತಾರೆ, ಗಿರಣಿಯ ಸಾಲಿನಲ್ಲಿ ನಿಂತು ಹರಟುತ್ತಾರೆ. ಹೆಂಗಸರು ಪಟ್ಟು ಬಿಡಲಿಲ್ಲ, ಗೆದ್ದರು. ಆ ಹಳ್ಳಿಯ ಬದುಕನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಆಸ್ಕರ್ ಲೂಯಿಸ್ ಇದನ್ನು ದಾಖಲಿಸಿದ್ದಾರೆ. ಮುಂದೆ 1940ರ ದಶಕದಲ್ಲಿ ತಾನೇ ಹಿಟ್ಟು ಒತ್ತಿ, ಸುಟ್ಟು, ಹೊರಹಾಕುವ ಯಂತ್ರ ಬಂತು. ಆ ಯಂತ್ರ ದೊಡ್ಡ ಕಾರ್ಖಾನೆಗಷ್ಟೇ ಸೇರಲಿಲ್ಲ, ಓಣಿಯ ಮೂಲೆಯ ಅಂಗಡಿಗೆ ಬಂತು. ‘ತೊರ್ತಿಯೆರಿಯಾ’ ಎಂಬ ಈ ಅಂಗಡಿ ಮೆಕ್ಸಿಕೋ ನಗರದ ಪ್ರತಿ ಬಡಾವಣೆಯಲ್ಲೂ ಇದೆ. ಊಟದ ಹೊತ್ತಿಗೆ ಮನೆಯಿಂದ ಬಟ್ಟೆ ತಂದು, ಸಾಲಿನಲ್ಲಿ ನಿಂತು, ಬಿಸಿಬಿಸಿ ರೊಟ್ಟಿಯನ್ನು ಕಿಲೋ ಲೆಕ್ಕದಲ್ಲಿ ತೂಗಿಸಿ ಒಯ್ಯುತ್ತಾರೆ. ಮನೆಯ ಒಲೆಗೂ ದೊಡ್ಡ ಕಂಪನಿಗೂ ನಡುವೆ ನಿಂತ ಈ ಸಂಸ್ಥೆಯೇ ಹಳ್ಳಿಯ ರೊಟ್ಟಿಯನ್ನು ಕೋಟಿಗಟ್ಟಲೆ ಜನರ ನಗರದಲ್ಲೂ ದಿನದ ಊಟವಾಗಿ ಉಳಿಸಿತು. ನಮ್ಮಲ್ಲಿ ಅರ್ಧ ಕೆಲಸವಾಯಿತು. ಬೀಸುಕಲ್ಲನ್ನು ಹಿಟ್ಟಿನ ಗಿರಣಿ ತೆಗೆದುಹಾಕಿತು. ಬಡಿಯುವ, ಸುಡುವ ಕೆಲಸ ಹೆಂಗಸಿನ ಕೈಯಲ್ಲೇ ಉಳಿಯಿತು. ಹೊಲ, ಕಚೇರಿ, ಶಾಲೆ ಎಂದು ಆಕೆ ಹೊರಗೆ ದುಡಿಯತೊಡಗಿದಾಗ ಕುಕ್ಕರಿನ ಅನ್ನ ಗೆದ್ದದ್ದರಲ್ಲಿ ಆಶ್ಚರ್ಯವೇನಿದೆ? ಹೊಸ ತಲೆಮಾರಿಗೆ ನಾಲಗೆ ಕೆಟ್ಟಿತು ಎಂದು ಹಳಹಳಿಸುವ ಹಿರಿಯರು ಒಲೆಯ ಮುಂದೆ ಕೂತವರು ಯಾರು ಎಂಬ ಪ್ರಶ್ನೆಯನ್ನು ಕೇಳಿಕೊಂಡಂತಿಲ್ಲ.

ಯಂತ್ರದ ದಾರಿ ಹೂವಿನ ದಾರಿಯಾಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. 1949ರಲ್ಲಿ ಶುರುವಾದ ಗ್ರೂಮಾ ಕಂಪನಿ ಒಣಹಿಟ್ಟಿನ ಪೊಟ್ಟಣವನ್ನು ದೇಶಕ್ಕೆಲ್ಲ ಮುಟ್ಟಿಸಿತು. ಕಾಳು ನೆನೆಸಿ ಅರೆಯುತ್ತಿದ್ದ ಅಂಗಡಿಗಳಲ್ಲಿ ಅನೇಕವು ಪೊಟ್ಟಣಕ್ಕೆ ತಿರುಗಿದವು, ರುಚಿ ಸಪ್ಪೆಯಾಯಿತೆಂಬ ದೂರು ಇವತ್ತಿಗೂ ಇದೆ. 1994ರ ಮುಕ್ತ ವ್ಯಾಪಾರ ಒಪ್ಪಂದದ ನಂತರ ಅಮೆರಿಕದ ಅಗ್ಗದ ಗೋವಿನಜೋಳ ಹರಿದುಬಂದು ಸಣ್ಣ ರೈತರು ಬಸವಳಿದರು. ಆದರೂ 2007ರ ಜನವರಿಯಲ್ಲಿ ರೊಟ್ಟಿಯ ಬೆಲೆ ಜಿಗಿದಾಗ ರಾಜಧಾನಿಯ ಬೀದಿಗಳಲ್ಲಿ ಸಾವಿರಾರು ಜನ ಮೆರವಣಿಗೆ ಮಾಡಿದರು, ಅಧ್ಯಕ್ಷರು ಕಂಪನಿಗಳೊಡನೆ ಕೂತು ಬೆಲೆಗೆ ಮಿತಿ ಹಾಕಿಸಬೇಕಾಯಿತು. ಆ ಅಡುಗೆ ಪರಂಪರೆ 2010ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. 2025ರಲ್ಲಿ ಕುಲಾಂತರಿ ಗೋವಿನಜೋಳದ ಬಿತ್ತನೆಯನ್ನು ಸಂವಿಧಾನದಲ್ಲೇ ನಿಷೇಧಿಸಿದರು. ಇದರ ಎದುರಿಗೆ ನಮ್ಮ ಇತಿಹಾಸದ ಒಂದು ವ್ಯಂಗ್ಯವನ್ನೂ ಇಡಬಹುದು. 1966ರಲ್ಲಿ ಭಾರತ 18 ಸಾವಿರ ಟನ್ ಗಿಡ್ಡತಳಿಯ ಗೋಧಿ ಬೀಜವನ್ನು ತರಿಸಿದ್ದು ಮೆಕ್ಸಿಕೋದಿಂದ. ಆ ಬೀಜದಿಂದ ಹಸಿವು ನೀಗಿತು, ಅದಕ್ಕೆ ಋಣಿಯಾಗಿರಬೇಕು. ಗೋಧಿ, ಅಕ್ಕಿಗಳು ಸರ್ಕಾರದ ಖರೀದಿಯ ಬಲದಿಂದ ಪಡಿತರದ ಅಂಗಡಿ ಸೇರಿ ಅಗ್ಗವಾದವು. ಜೋಳಕ್ಕೆ ಆ ಬಲ ಬಹುಕಾಲ ಸಿಗಲಿಲ್ಲ. ವಿಜಯಪುರದ ಹೊಲಗಳಲ್ಲಿ ತೊಗರಿ, ನೀರು ಬಂದಲ್ಲಿ ಕಬ್ಬು, ದ್ರಾಕ್ಷಿ ಹಬ್ಬಿದವು, ಜೋಳ ಹಿಂದೆ ಸರಿಯಿತು. ಮೆಕ್ಸಿಕೋ ತನ್ನ ರೊಟ್ಟಿಯನ್ನು ಉಳಿಸಿಕೊಳ್ಳುತ್ತಲೇ ನಮ್ಮ ರೊಟ್ಟಿಯನ್ನು ಬದಿಗೆ ತಳ್ಳುವ ಬೀಜವನ್ನೂ ಕೊಟ್ಟಂತಾಯಿತು.

ಹಾಗಾದರೆ ಇಲ್ಲಿ ಏನೂ ಆಗಿಲ್ಲವೇ? ಆಗಿದೆ. ಮಹಿಳಾ ಸ್ವಸಹಾಯ ಗುಂಪುಗಳು ಕಡಕ್ ರೊಟ್ಟಿ ಕಟ್ಟಿ ಬೆಂಗಳೂರಿಗೆ, ಪುಣೆಗೆ ಕಳಿಸುತ್ತಿವೆ. ರೊಟ್ಟಿ ಯಂತ್ರಗಳೂ ಬಂದಿವೆ. ಉತ್ತರದ ಕೆಲವು ಜಿಲ್ಲೆಗಳಿಗೆ ಕೆಲವು ವರ್ಷ ಪಡಿತರದಲ್ಲಿ ಜೋಳವೂ ಸಿಕ್ಕಿತು. ಭಾರತದ ಒತ್ತಾಯದಿಂದಲೇ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ಆದರೆ ಈ ಎಲ್ಲದರಲ್ಲಿ ಜೋಳ ಒಂದೋ ದೂರದವರಿಗೆ ಕಳಿಸುವ ಪೊಟ್ಟಣ, ಇಲ್ಲವೇ ಸಕ್ಕರೆ ಕಾಯಿಲೆಯವರ ಪಥ್ಯ. ಮಧ್ಯಾಹ್ನ ಒಂದು ಗಂಟೆಗೆ ಮುದ್ದೇಬಿಹಾಳದ ಮನೆಯೊಂದಕ್ಕೆ ಎಂಟು ಬಿಸಿರೊಟ್ಟಿ ಬೇಕಿದ್ದರೆ ಬಟ್ಟೆ ಹಿಡಿದು ಹೋಗಿ ತೂಗಿಸಿ ತರುವ ಅಂಗಡಿ ಓಣಿಯಲ್ಲಿಲ್ಲ. ಖಾನಾವಳಿಯವರು ಪಾರ್ಸಲ್ ಕೊಟ್ಟರೆ ಉಂಟು. ಜೋಳದ ರೊಟ್ಟಿ ಆರಿದರೆ ಬಿರುಸಾಗುತ್ತದೆ, ತೊರ್ತಿಯಾದಷ್ಟು ಹೊತ್ತು ಮೆತ್ತಗಿರುವುದಿಲ್ಲ, ಆದ್ದರಿಂದ ಅಂಗಡಿ ವ್ಯಾಪಾರ ಕಷ್ಟ ಎಂಬ ಆಕ್ಷೇಪವಿದೆ. ಆದರೆ ಆರಿದ ತೊರ್ತಿಯಾ ಕೂಡ ಬಿರುಸೇ. ಅಲ್ಲಿಯವರು ಅದನ್ನು ಕರಿದು, ಗೊಜ್ಜಿನಲ್ಲಿ ನೆನೆಸಿ ಮರುದಿನದ ನಾಷ್ಟಾ ಮಾಡುತ್ತಾರೆ, ನಮ್ಮಲ್ಲೂ ಉಳಿದ ರೊಟ್ಟಿಯನ್ನು ಮುರಿದು ಒಗ್ಗರಣೆ ಹಾಕುವವರಿದ್ದಾರೆ. ಬಿಸಿಯಾಗಿ ಮಾರಾಟವಾಗಬೇಕಾದ ಪದಾರ್ಥಕ್ಕೆ ಓಣಿಗೊಂದು ಅಂಗಡಿ ಬೇಕಾಗುವುದೇ ಆ ಕಾರಣಕ್ಕೆ. ದೂರದ ಕಾರ್ಖಾನೆಯಿಂದ ಆಗದ ಕೆಲಸ ಅದು. ಬಂಡವಾಳ ಯಾರದು, ಲಾಭ ರೊಟ್ಟಿ ಬಡಿಯುವ ಕೈಗೆ ಸೇರುತ್ತದೆಯೇ ಅಥವಾ ಯಂತ್ರದ ಮಾಲೀಕನಿಗೆ ಮಾತ್ರವೇ ಎಂಬ ಜಗಳ ಮೆಕ್ಸಿಕೋದಲ್ಲಿ ಇನ್ನೂ ಮುಗಿದಿಲ್ಲ, ಇಲ್ಲಿಯೂ ಅದು ಏಳದೆ ಇರದು. ಎದ್ದರೆ ಏಳಲಿ. ಸದ್ಯಕ್ಕೆ ಎರಡು ನಾಡುಗಳ ಅಂತರ ಕಾಣುವುದು ಬೆಲೆ ಏರಿದ ವರ್ಷದಲ್ಲಿ: ಅಲ್ಲಿ ರೊಟ್ಟಿ ತುಟ್ಟಿಯಾದರೆ ಸರ್ಕಾರ ಜನರಿಗೆ ಉತ್ತರ ಕೊಡಬೇಕಾಗುತ್ತದೆ, ಇಲ್ಲಿ ಜೋಳದ ಧಾರಣೆ ಏರಿದರೆ ಮನೆಯವರು ಸದ್ದಿಲ್ಲದೆ ವಾರಕ್ಕೆ ಇನ್ನೆರಡು ಹೊತ್ತು ಪಡಿತರದ ಅಕ್ಕಿಯನ್ನು ಬೇಯಿಸಿಕೊಳ್ಳುತ್ತಾರೆ.